ದಡದಿಂದ ಇಳಿದು ದಡಕ್ಕೇ ಮರಳುವುದು: ಸ್ಕೂಬಾ ಜೋಡಿಗಾಗಿ ಸಮಗ್ರ ಮಾರ್ಗದರ್ಶಿ

ಕರ್ನಾಟಕದಲ್ಲಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಈಜುವುದನ್ನು ಕಲಿತವರಲ್ಲಿ ಅನೇಕರು ಮೊದಲು ಸಮುದ್ರಕ್ಕಿಳಿದದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು. ದೋಣಿಯ ಅಂಚಿನಲ್ಲಿ ಕುಳಿತು ಹಿಂದಕ್ಕೆ ಉರುಳಿದರೆ ಆಳದ ನೀರು. ಮೇಲೆ ಬಂದರೆ ಏಣಿ, ಏಣಿಯ ತುದಿಯಲ್ಲಿ ಕೈ ಚಾಚಿ ಸಿಲಿಂಡರ್ ಎಳೆದುಕೊಳ್ಳುವ ದೋಣಿಯ ಹುಡುಗರು. ಹೀಗೆ ಕಲಿತವರು ರಜೆಯಲ್ಲಿ ಇಂಡೋನೇಷ್ಯಾದ ಬಾಲಿಗೋ ಈಜಿಪ್ಟಿನ ದಹಬ್‌ಗೋ ಹೋದಾಗ, 25 ಕಿಲೋ ಮೀರಿದ ಸಲಕರಣೆ ಹೊತ್ತು ಕಾಲ್ನಡಿಗೆಯಲ್ಲೇ ಸಮುದ್ರಕ್ಕೆ ಇಳಿಯುವ ಪ್ರಸಂಗ ಮೊದಲ ಬಾರಿಗೆ ಎದುರಾಗುತ್ತದೆ. 18 ಮೀಟರ್ ಆಳದಲ್ಲಿ ನಿರಾಳವಾಗಿ ತೇಲುವವರು ಮೊಣಕಾಲುದ್ದದ ನೀರಿನಲ್ಲಿ ಮುಗ್ಗರಿಸುವುದು ಇಲ್ಲಿಯೇ.

ಈ ಬರಹ ಈಗಾಗಲೇ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರುವ ಇಬ್ಬರಿಗಾಗಿ. ದಡದ ಡೈವಿಂಗ್‌ನಲ್ಲಿ ಒಬ್ಬರು ಇನ್ನೊಬ್ಬರಿಗೆ ಯಾವ ಹೊತ್ತಿನಲ್ಲಿ ಏನು ಮಾಡಿಕೊಡಬೇಕು, ಯಾವ ಹೊತ್ತಿನಲ್ಲಿ ಏನನ್ನೂ ಮಾಡದೆ ಸುಮ್ಮನೆ ನಿಲ್ಲಬೇಕು ಎಂಬುದೇ ಇದರ ವಿಷಯ. ಆಯಾ ದಡವನ್ನು ಬಲ್ಲ ಸ್ಥಳೀಯ ತರಬೇತುದಾರರ ಮಾತಿಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಬೇಕು. ಜೊತೆಗೆ ಇಳಿಯುವವರನ್ನು ಡೈವರ್‌ಗಳು 'ಬಡ್ಡಿ' ಎನ್ನುತ್ತಾರೆ. ಕನ್ನಡ ಕಿವಿಗೆ ಆ ಪದ ಸಾಲವನ್ನು ನೆನಪಿಸುವುದರಿಂದ ಇಲ್ಲಿ 'ಜೊತೆಗಾರ' ಎಂದೇ ಬಳಸಿದ್ದೇನೆ. ಆದರೂ ಕೊಟ್ಟದ್ದನ್ನು ಅದೇ ದಿನ ತೀರಿಸಿಕೊಳ್ಳುವ ಸಂಬಂಧ ಅದು ಎಂಬುದರಲ್ಲಿ ಅನುಮಾನವಿಲ್ಲ.

ಉದಾಹರಣೆಗೆ ಆರಿಸಿಕೊಂಡ ದಡ

ಬಾಲಿಯ ಈಶಾನ್ಯ ಕರಾವಳಿಯಲ್ಲಿರುವ ತುಲಾಂಬೆನ್ ದಡವನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಜಖಂಗೊಂಡ ಅಮೆರಿಕದ ಸರಕು ಹಡಗು 'ಲಿಬರ್ಟಿ'ಯನ್ನು ಎಳೆದು ತಂದು ಇಲ್ಲಿನ ದಡಕ್ಕೆ ಹತ್ತಿಸಲಾಗಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ದಡದಿಂದ ಜಾರಿ ನೀರಿನೊಳಗೆ ಮಲಗಿತು. ಇಂದು ಅದರ ಅವಶೇಷ ಸುಮಾರು 5 ಮೀಟರಿನಿಂದ 30 ಮೀಟರಿನವರೆಗಿನ ಇಳಿಜಾರಿನಲ್ಲಿ ಹರಡಿಕೊಂಡಿದೆ. ಇಷ್ಟು ದೊಡ್ಡ ಹಡಗನ್ನು ದಡದಿಂದ ಕೆಲವೇ ನಿಮಿಷ ಈಜಿ ತಲುಪಬಹುದು ಎಂಬುದೇ ಈ ಊರಿನ ಆಕರ್ಷಣೆ.

ಆದರೆ ನಡುವೆ ಕಲ್ಲುಗಳಿವೆ. ಜ್ವಾಲಾಮುಖಿಯ ಕಪ್ಪು ಕಲ್ಲುಗಳು ಅಲೆಯ ಹೊಡೆತಕ್ಕೆ ಸವೆದು ಒರಳಿನ ಗುಂಡಿನಂತೆ ನುಣುಪಾಗಿವೆ. ಕೆಲವು ಮುಷ್ಟಿಯಷ್ಟು, ಕೆಲವು ತಲೆಯಷ್ಟು. ನೀರಿನಂಚಿನವುಗಳ ಮೇಲೆ ಕಣ್ಣಿಗೆ ಸುಲಭವಾಗಿ ಕಾಣದ ತೆಳುವಾದ ಪಾಚಿ. ಒಂದರ ಮೇಲೆ ಕಾಲಿಟ್ಟರೆ ಅದು ಪಕ್ಕದ ಕಲ್ಲಿನ ಮೇಲೆ ಹೊರಳುತ್ತದೆ. ಅಲೆ ಹಿಂದೆ ಸರಿಯುವಾಗ ಈ ಕಲ್ಲುಗಳು ಒಂದಕ್ಕೊಂದು ತಾಕಿ ಗಡಗಡ ಸದ್ದು ಮಾಡುತ್ತವೆ. ಆ ಸದ್ದನ್ನು ಕಿವಿಗೊಟ್ಟು ಕೇಳಿ. ಸಣ್ಣ ಕಲ್ಲುಗಳ ಸರಸರ ಸದ್ದಷ್ಟೇ ಇದ್ದರೆ ಸೆಳೆತ ಸಣ್ಣದು. ದೊಡ್ಡ ಕಲ್ಲುಗಳೂ ಉರುಳುವ ಸದ್ದು ಬಂದರೆ ಅದೇ ನೀರು ನಿಮ್ಮ ಕಾಲನ್ನೂ ಉರುಳಿಸಬಲ್ಲದು.

ಇಲ್ಲಿ ಊರಿನ ಹೆಂಗಸರು ಸಿಲಿಂಡರ್‌ಗಳನ್ನು ತಲೆಯ ಮೇಲೆ ಹೊತ್ತು, ಅದೇ ಕಲ್ಲುಗಳ ಮೇಲೆ ಚಪ್ಪಲಿ ಕಾಲಿನಲ್ಲಿ ಸರಾಗವಾಗಿ ನಡೆಯುತ್ತಾರೆ. ಅವರು ಹೆಜ್ಜೆ ಊರುವ ಜಾಗವನ್ನು ಐದು ನಿಮಿಷ ನೋಡಿದರೆ ಯಾವ ಮಾರ್ಗದರ್ಶಿಯೂ ಹೇಳಿಕೊಡದ ಪಾಠ ಸಿಗುತ್ತದೆ: ಅವರು ಕಲ್ಲಿನ ನೆತ್ತಿಯ ಮೇಲೆ ಕಾಲಿಡುವುದಿಲ್ಲ, ಎರಡು ಕಲ್ಲುಗಳ ನಡುವಿನ ತಗ್ಗಿನಲ್ಲಿ ಇಡುತ್ತಾರೆ.

ಒಬ್ಬರ ಕೈಯಲ್ಲಿ ಕೆಲಸ, ಇನ್ನೊಬ್ಬರ ಕಣ್ಣು ಸಮುದ್ರದ ಮೇಲೆ

ಈ ದಡದಲ್ಲಿ ನನ್ನ ಮೊದಲ ಇಳಿಕೆ ಕೆಟ್ಟದಾಗಿತ್ತು. ನಾನೂ ನನ್ನ ಜೊತೆಗಾರನೂ ಮೊಣಕಾಲುದ್ದದ ನೀರಿನಲ್ಲಿ ಪಕ್ಕಪಕ್ಕದಲ್ಲಿ ನಿಂತು ಏಕಕಾಲಕ್ಕೆ ಬಾಗಿ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಹಾಕಿಕೊಳ್ಳತೊಡಗಿದೆವು. ಬಂದ ಅಲೆ ತೊಡೆಯ ಎತ್ತರವೂ ಇರಲಿಲ್ಲ. ಅದು ಅವನನ್ನು ನನ್ನ ಮೇಲೆ ಕೆಡವಿತು, ಅವನ ಸಿಲಿಂಡರಿನ ಬುಡ ನನ್ನ ಮಂಡಿಗೆ ಬಡಿಯಿತು, ನನ್ನ ಎಡಗಾಲಿನ ಫಿನ್ ಕೈತಪ್ಪಿ ಕಲ್ಲುಗಳ ಕೆಳಗೆ ಹೋಯಿತು. ಅರ್ಧ ಗಂಟೆ ಹುಡುಕಿ, ಮಂಡಿಗೆ ಬಟ್ಟೆ ಕಟ್ಟಿಕೊಂಡು ಆ ಬೆಳಗಿನ ಡೈವ್ ಬಿಟ್ಟೆವು. ತಪ್ಪು ಅಲೆಯದ್ದಲ್ಲ, ಆ ಕ್ಷಣದಲ್ಲಿ ನಮ್ಮಿಬ್ಬರಲ್ಲಿ ಒಬ್ಬರೂ ಸಮುದ್ರದ ಕಡೆ ನೋಡುತ್ತಿರಲಿಲ್ಲ.

ದಡದ ಡೈವಿಂಗ್‌ನಲ್ಲಿ ಪರಸ್ಪರ ನೆರವೆಂದರೆ ಇಬ್ಬರೂ ಸೇರಿ ಒಂದೇ ಕೆಲಸ ಮಾಡುವುದೆಂದು ಅನೇಕರು ತಿಳಿದಿದ್ದಾರೆ. ನನ್ನ ಪ್ರಕಾರ ಅದು ಬೇರೆಯೇ: ಒಬ್ಬರ ಕೈ ಕೆಲಸದಲ್ಲಿದ್ದಾಗ ಇನ್ನೊಬ್ಬರ ಕೈ ಖಾಲಿ ಇರಬೇಕು, ಕಾಲು ಗಟ್ಟಿಯಾಗಿ ಊರಿರಬೇಕು, ಕಣ್ಣು ಅಲೆಯ ಮೇಲಿರಬೇಕು. ಇಬ್ಬರ ತಲೆಯೂ ಒಮ್ಮೆಗೇ ಬಾಗಬಾರದು. ಮುಂದಿನ ಹಂತಗಳೆಲ್ಲ ಈ ಒಂದೇ ನಿಯಮವನ್ನು ಬೇರೆಬೇರೆ ಜಾಗಗಳಲ್ಲಿ ಪಾಲಿಸುವ ರೀತಿಗಳು.

ಮೊದಲು ಹತ್ತುವ ದಾರಿ, ಆಮೇಲೆ ಇಳಿಯುವ ದಾರಿ

ಸಲಕರಣೆಗೆ ಕೈ ಹಾಕುವ ಮುನ್ನ ಇಬ್ಬರೂ ದಡದ ಎತ್ತರದ ಜಾಗದಲ್ಲಿ ನಿಂತು ಕನಿಷ್ಠ ಹತ್ತು ಹದಿನೈದು ನಿಮಿಷ ನೀರನ್ನು ನೋಡಬೇಕು. ಇಷ್ಟು ಹೊತ್ತು ಏಕೆಂದರೆ ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಕೆಲವು ದೊಡ್ಡ ಅಲೆಗಳು ಸಾಲಾಗಿ ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಸಣ್ಣ ಅಲೆಗಳ ಬಿಡುವು ಇರುತ್ತದೆ. ಎರಡು ನಿಮಿಷ ನೋಡಿದವರು ಬಿಡುವನ್ನೇ ಕಂಡು 'ಸಮುದ್ರ ಶಾಂತವಾಗಿದೆ' ಎಂದು ತೀರ್ಮಾನಿಸುವ ಅಪಾಯವಿದೆ. ದೊಡ್ಡ ಅಲೆಗಳ ಸಾಲು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ, ಸಾಲಿನಲ್ಲಿ ಎಷ್ಟು ಅಲೆಗಳಿರುತ್ತವೆ, ಆಮೇಲಿನ ಬಿಡುವು ಎಷ್ಟು ದೀರ್ಘ ಎಂಬುದನ್ನು ಒಬ್ಬರು ಗಡಿಯಾರ ಹಿಡಿದು ಎಣಿಸಲಿ, ಇನ್ನೊಬ್ಬರು ಗಟ್ಟಿಯಾಗಿ ಹೇಳುತ್ತಾ ಹೋಗಲಿ.

ಅಲೆ ಎಲ್ಲಿ ಒಡೆಯುತ್ತದೆಂಬುದರಿಂದ ತಳದ ಆಳವನ್ನೂ ಅಂದಾಜಿಸಬಹುದು. ಸಾಮಾನ್ಯವಾಗಿ ನೀರಿನ ಆಳವು ಅಲೆಯ ಎತ್ತರದ ಸುಮಾರು 1.3 ಪಟ್ಟು ಆದಾಗ ಅಲೆ ಮಗುಚುತ್ತದೆ. ಒಂದು ಮೀಟರ್ ಎತ್ತರದ ಅಲೆ ಒಡೆಯುವುದು ನಮ್ಮ ಎದೆಮಟ್ಟದ ನೀರಿನಲ್ಲಿ, ಅಂದರೆ ನಾವು ಇನ್ನೂ ಪೂರ್ತಿ ತೇಲಲಾರದ, ಗಟ್ಟಿಯಾಗಿ ನಿಲ್ಲಲೂ ಆಗದ ಜಾಗದಲ್ಲಿ. ಅಲೆಗಳು ಉದ್ದಕ್ಕೂ ಒಡೆಯುತ್ತಿದ್ದು ಒಂದು ಕಡೆ ಮಾತ್ರ ಒಡೆಯದೆ, ನೊರೆಯೂ ಕೆಸರುಬಣ್ಣವೂ ಸಮುದ್ರದ ಕಡೆಗೆ ಸಾಗುತ್ತಿದ್ದರೆ ಅದು ಶಾಂತ ಜಾಗವಲ್ಲ. ದಡಕ್ಕೆ ಬಂದ ನೀರೆಲ್ಲ ಮರಳಿ ಹೋಗುವ ಸೆಳವು ಅದು. ಹೊಸಬರು ಅದನ್ನೇ ಸುಲಭದ ದಾರಿಯೆಂದು ಆರಿಸಿಕೊಳ್ಳುವುದನ್ನು ಕಂಡಿದ್ದೇನೆ. ಇಳಿಯುವಾಗ ಅದು ಸುಲಭವೇ. ಹತ್ತುವಾಗ ಅದರ ವಿರುದ್ಧ ಈಜಿ ಗೆದ್ದವರು ಕಡಿಮೆ.

ಆದ್ದರಿಂದ ಮೊದಲ ಪ್ರಶ್ನೆ 'ಎಲ್ಲಿಂದ ಇಳಿಯೋಣ' ಎಂಬುದಲ್ಲ, 'ಎಲ್ಲಿಂದ ಹತ್ತೋಣ' ಎಂಬುದು. ಇಳಿಯುವಾಗ ಮೈಯಲ್ಲಿ ಶಕ್ತಿಯಿದೆ, ಸಿಲಿಂಡರಿನಲ್ಲಿ 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಗಾಳಿಯಿದೆ, ಅಲೆಗೆ ಮುಖ ಕೊಟ್ಟಿರುತ್ತೇವೆ. ಹತ್ತುವಾಗ ದಣಿವಿರುತ್ತದೆ, ಗಾಳಿ ಕಡಿಮೆಯಿರುತ್ತದೆ, ಅಲೆ ಬೆನ್ನ ಹಿಂದಿನಿಂದ ಬರುತ್ತದೆ. ಒಂದು ಗಂಟೆಯೊಳಗೆ ಗಾಳಿ ಎದ್ದಿರಬಹುದು, ಉಬ್ಬರವಿಳಿತ ಬದಲಾಗಿರಬಹುದು. ಹತ್ತುವ ಜಾಗವನ್ನು ದೂರದಿಂದ ಗುರುತಿಸಲು ದಡದ ಮೇಲಿನ ಎರಡು ವಸ್ತುಗಳನ್ನು, ಉದಾಹರಣೆಗೆ ಮುಂದಿನ ಒಂದು ಮರ ಮತ್ತು ಅದರ ಹಿಂದಿನ ಒಂದು ಚಾವಣಿಯನ್ನು, ಒಂದೇ ಗೆರೆಯಲ್ಲಿ ನೆನಪಿಟ್ಟುಕೊಳ್ಳಿ. ಅದು ಕೈಕೊಟ್ಟರೆ ಬಳಸಲು ಎರಡನೆಯ ಜಾಗವನ್ನೂ ಈಗಲೇ ಆರಿಸಿ. ಇಬ್ಬರಲ್ಲಿ ಒಬ್ಬರಿಗೆ ಹತ್ತುವ ಬಗ್ಗೆ ಅನುಮಾನವಿದ್ದರೂ ಆ ದಿನ ಇಳಿಯಬಾರದು. ಅಲ್ಲಿ ವಾದಕ್ಕೆ ಜಾಗವಿಲ್ಲ.

ದಡದ ಮೇಲೆ ಮುಗಿಸಬೇಕಾದ ಕೆಲಸ

ನೀರಿನಲ್ಲಿ ಮಾಡಬೇಕಾದ ಕೆಲಸ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಅಲ್ಯೂಮಿನಿಯಮ್ಮಿನ ಸಾಮಾನ್ಯ ಸಿಲಿಂಡರ್ ತುಂಬಿದಾಗ ಅದೊಂದೇ 16-17 ಕಿಲೋ ತೂಗುತ್ತದೆ. ಅದನ್ನು ನೆಲದಿಂದ ಎತ್ತಿ ಬೆನ್ನಿಗೇರಿಸಿಕೊಳ್ಳುವುದಕ್ಕಿಂತ ಮೇಜಿನೆತ್ತರದ ಕಟ್ಟೆಯ ಮೇಲಿಟ್ಟು, ಕುಳಿತು, ಪಟ್ಟಿಗಳಲ್ಲಿ ತೋಳು ತೂರಿಸಿ ಏಳುವುದು ಮೇಲು. ಏಳುವಾಗ ಜೊತೆಗಾರ ಹಿಂದೆ ನಿಂತು ಸಿಲಿಂಡರಿನ ಕತ್ತನ್ನು ಎತ್ತಿ ಹಿಡಿಯಬೇಕು. ನೆಟ್ಟಗೆ ನಿಂತು 'ಬಿಡು' ಎಂದ ಮೇಲೆಯೇ ಬಿಡಬೇಕು.

ಪರಸ್ಪರ ತಪಾಸಣೆಯನ್ನು ಇಲ್ಲಿಯೇ ಮುಗಿಸಿ. ತೇಲಲು ನೆರವಾಗುವ ಜಾಕೆಟ್ಟಿಗೆ ಗಾಳಿ ತುಂಬುವ ಮತ್ತು ಬಿಡುವ ಗುಂಡಿಗಳು, ಮುಳುಗಲು ಕಟ್ಟಿಕೊಳ್ಳುವ ತೂಕದ ಬೆಲ್ಟ್, ಬಕಲ್‌ಗಳು, ಸಿಲಿಂಡರಿನ ಗಾಳಿ, ಕೊನೆಗೆ ಒಟ್ಟಾರೆ ಒಂದು ನೋಟ. ಗಾಳಿ ನೋಡುವಾಗ ಒತ್ತಡದ ಗೇಜನ್ನು ಕಣ್ಣೆದುರು ಹಿಡಿದು, ಬಾಯಲ್ಲಿ ಕಚ್ಚಿ ಉಸಿರಾಡುವ ಸಾಧನವಾದ ರೆಗ್ಯುಲೇಟರಿನಿಂದ ನಾಲ್ಕಾರು ಬಾರಿ ಉಸಿರೆಳೆಯಬೇಕು. ಉಸಿರಿಗೊಮ್ಮೆ ಮುಳ್ಳು ಕೆಳಗಿಳಿದು ಮತ್ತೆ ಏರಿದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲವೆಂದೇ ಅರ್ಥ. ಜೊತೆಗಾರನ ತೂಕ ಬಿಚ್ಚುವ ಹಿಡಿಕೆ ಎಲ್ಲಿದೆ, ಯಾವ ಕಡೆಗೆ ಎಳೆದರೆ ಬಿಚ್ಚುತ್ತದೆ ಎಂಬುದನ್ನು ನೋಡಿದರೆ ಸಾಲದು, ಕೈಯಿಂದ ಮುಟ್ಟಿ ತಿಳಿದುಕೊಳ್ಳಬೇಕು. ನೊರೆಯಲ್ಲಿ ಕಣ್ಣು ಕಾಣದಿದ್ದಾಗ ಕೈಗೆ ನೆನಪಿರುತ್ತದೆ. ತೂಗಾಡುವ ಗೇಜು, ಟಾರ್ಚು, ಎರಡನೆಯ ರೆಗ್ಯುಲೇಟರ್ ಎಲ್ಲವನ್ನೂ ಮೈಗೆ ಸಿಕ್ಕಿಸಿ. ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುವುದು ತೂಗಾಡುವ ವಸ್ತುವೇ.

ಇಲ್ಲಿಯೇ ಒಪ್ಪಿಕೊಳ್ಳಬೇಕಾದ ಇನ್ನೊಂದು ಸಂಗತಿಯೆಂದರೆ ಮಾತು. ರೆಗ್ಯುಲೇಟರ್ ಬಾಯಲ್ಲಿಲ್ಲದ ಹೊತ್ತಿನಲ್ಲಿ ಮೂರೇ ಶಬ್ದ ಸಾಕು: 'ಅಲೆ', 'ನಿಲ್ಲು', 'ನಡೆ'. ವಯಸ್ಸಿನಲ್ಲಿ ಹಿರಿಯರಾದವರೊಡನೆ ಇಳಿಯುವಾಗಲೂ ಈ ಏಕವಚನವನ್ನು ಮುಂಚಿತವಾಗಿ ಒಪ್ಪಿಸಿಕೊಂಡಿರಿ. 'ಸರ್, ಸ್ವಲ್ಪ ನಿಲ್ತೀರಾ' ಎಂದು ಮುಗಿಸುವಷ್ಟರಲ್ಲಿ ಅಲೆ ಬಂದು ಹೋಗಿರುತ್ತದೆ. ರೆಗ್ಯುಲೇಟರ್ ಕಚ್ಚಿದ ಮೇಲೆ ಕೈಸನ್ನೆಯೊಂದೇ ಗತಿ: ತೆರೆದ ಅಂಗೈ ಎಂದರೆ ನಿಲ್ಲು, ಮುಂದಕ್ಕೆ ಚಾಚಿದ ಕೈ ಎಂದರೆ ನಡೆ. ನೀರ ಮೇಲಿನಿಂದ ದಡದವರಿಗೆ ತೋರುವ ಸನ್ನೆಗಳು ದೊಡ್ಡದಾಗಿರಬೇಕು. ತಲೆಯ ಮೇಲೆ ತೋಳಿನಿಂದ ಮಾಡಿದ ಸುತ್ತು ಎಲ್ಲ ಸರಿಯಿದೆ ಎನ್ನುತ್ತದೆ. ತೋಳೆತ್ತಿ ಬೀಸಿದರೆ ಸಹಾಯ ಬೇಕು ಎಂದರ್ಥ. ಹೀಗಾಗಿ ದಡದಲ್ಲಿರುವ ಸ್ನೇಹಿತರಿಗೆ ನೀರಿನಿಂದ ಕೈ ಬೀಸಿ ಟಾಟಾ ಹೇಳುವ ಅಭ್ಯಾಸವನ್ನು ಡೈವರ್‌ಗಳು ಬಿಡಲೇಬೇಕು.

ಕಲ್ಲುದಡದಲ್ಲಿ ಇಳಿಯುವ ಕ್ರಮ

ಫಿನ್‌ಗಳನ್ನು ಕೈಯಲ್ಲಿ ಹಿಡಿಯುವ ಬದಲು ಅವುಗಳ ಪಟ್ಟಿಯಲ್ಲಿ ಒಂದು ಮುಂಗೈ ತೂರಿಸಿ. ಆಗ ಬೆರಳುಗಳು ಬಿಡುವಾಗಿರುತ್ತವೆ. ಕಾಲಿಗೆ ಗಟ್ಟಿ ಅಡಿಯ ಬೂಟು ಇರಲೇಬೇಕು. ಮಾಸ್ಕ್ ಮುಖದ ಮೇಲಿರಲಿ, ಹಣೆಯ ಮೇಲೆ ಅಲ್ಲ. ಜಾಕೆಟ್ಟಿನಲ್ಲಿ ಸ್ವಲ್ಪ ಗಾಳಿ ಇರಲಿ. ನೀರು ಮೊಣಕಾಲು ಮುಟ್ಟುವ ಮೊದಲೇ ರೆಗ್ಯುಲೇಟರ್ ಬಾಯಿಗೆ ಬರಬೇಕು, ಪೂರ್ತಿ ತೇಲುವವರೆಗೂ ಬಾಯಲ್ಲೇ ಇರಬೇಕು. ಎಡವಿ ಮುಖ ಅಡಿಯಾಗಿ ಬಿದ್ದವರ ಬೆನ್ನ ಮೇಲೆ ಸಿಲಿಂಡರ್ ಕುಳಿತಿರುತ್ತದೆ. ಅರ್ಧ ಮೀಟರ್ ನೀರಿನಲ್ಲೂ ಏಳಲಾಗದೆ ಒದ್ದಾಡಬಹುದು. ಬಾಯಲ್ಲಿ ರೆಗ್ಯುಲೇಟರ್ ಇದ್ದರೆ ಅದು ಒಂದು ನಗೆಯ ಪ್ರಸಂಗ, ಇಲ್ಲದಿದ್ದರೆ ಅಲ್ಲ.

ಇಬ್ಬರೂ ಪಕ್ಕಪಕ್ಕದಲ್ಲಿ ಸಾಗಬೇಕು, ಒಬ್ಬರ ಹಿಂದೆ ಒಬ್ಬರಲ್ಲ. ಹಿಂದೆ ನಿಂತರೆ ಮುಂದಿನವರನ್ನು ಅಲೆ ನೇರವಾಗಿ ನಿಮ್ಮ ಎದೆಯ ಮೇಲೆ ತಂದು ಎಸೆಯುತ್ತದೆ. ನೀರು ಸಾಧಾರಣವಾಗಿದ್ದರೆ ಒಬ್ಬರ ಮುಂಗೈಯನ್ನು ಇನ್ನೊಬ್ಬರು ಹಿಡಿದು ನಾಲ್ಕು ಕಾಲಿನ ಒಂದು ಪ್ರಾಣಿಯಂತೆ ನಡೆಯುವುದು ಸೊಗಸಾದ ಉಪಾಯ. ಬೆರಳಿಗೆ ಬೆರಳು ಹೆಣೆಯಬೇಡಿ. ಮುಂಗೈ ಹಿಡಿತವನ್ನು ಬೇಕೆಂದಾಗ ಬಿಡಬಹುದು, ಹೆಣೆದ ಬೆರಳು ಉಳುಕುತ್ತದೆ. ಹೆಜ್ಜೆಯ ಕ್ರಮ ಹೀಗಿರಲಿ: ಮೊದಲನೆಯವರು ಒಂದು ಹೆಜ್ಜೆಯಿಟ್ಟು, ಕಲ್ಲು ಹೊರಳುವುದಿಲ್ಲವೆಂದು ಖಚಿತಪಡಿಸಿಕೊಂಡು, ಕೈಯನ್ನು ಒಮ್ಮೆ ಒತ್ತಬೇಕು, ಆಗ ಎರಡನೆಯವರು ಹೆಜ್ಜೆಯಿಡಬೇಕು. ಎರಡನೆಯವರು ಒತ್ತಿದ ಮೇಲೆ ಮೊದಲನೆಯವರು. ಕಾಲನ್ನು ಎತ್ತಿ ಇಡುವುದಕ್ಕಿಂತ ನೆಲಕ್ಕೆ ತಾಗಿಸಿಕೊಂಡೇ ಜಾರಿಸುತ್ತಾ ತಗ್ಗನ್ನು ಹುಡುಕುವುದು ಉತ್ತಮ. ಇದು ನಿಧಾನ, ನಿಜ. ತುಲಾಂಬೆನ್‌ನಲ್ಲಿ ಹತ್ತು ಮೀಟರ್ ದಾಟಲು ನಮಗೆ ಮೂರು ನಿಮಿಷ ಹಿಡಿಯುತ್ತಿತ್ತು. ಆದರೆ ಆಮೇಲೆ ಒಮ್ಮೆಯೂ ಬೀಳಲಿಲ್ಲ.

ಅಲೆ ಬರುವುದನ್ನು ಕಂಡೊಡನೆ ನಡೆಯುವುದನ್ನು ನಿಲ್ಲಿಸಿ. ಮೈಯನ್ನು ಪಕ್ಕಕ್ಕೆ ತಿರುಗಿಸಿ, ಕಾಲುಗಳನ್ನು ಅಗಲವಾಗಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಬಿಡುವಿರುವ ಕೈಯಿಂದ ಮಾಸ್ಕನ್ನೂ ರೆಗ್ಯುಲೇಟರನ್ನೂ ಒತ್ತಿ ಹಿಡಿದು ಅಲೆಯ ಕಡೆ ವಾಲಿ. ಎದೆಯೊಡ್ಡಿ ನಿಂತರೆ ಇಡೀ ದೇಹ ಹಾಯಿಯಂತೆ ಅಲೆಯ ಬಲವನ್ನು ಹಿಡಿಯುತ್ತದೆ. ಪಕ್ಕಕ್ಕೆ ನಿಂತರೆ ನೀರು ಸೀಳಿಕೊಂಡು ಹೋಗುತ್ತದೆ. ಅಲೆ ದಾಟಿದ ಮೇಲೂ ಒಂದು ಕ್ಷಣ ಕಾಯಿರಿ, ಏಕೆಂದರೆ ಮರಳಿ ಹೋಗುವ ನೀರು ಕಾಲಡಿಯ ಸಣ್ಣ ಕಲ್ಲುಗಳನ್ನು ಕಿತ್ತುಕೊಂಡು ಹೋಗುತ್ತದೆ. ಅದು ನಿಂತ ಮೇಲೆ ಮತ್ತೆ ಹೆಜ್ಜೆ.

ಫಿನ್ ಹಾಕುವ ಹೊತ್ತು

ಬಹುತೇಕ ತೊಂದರೆಗಳು ಹುಟ್ಟುವುದು ಈ ಅರ್ಧ ನಿಮಿಷದಲ್ಲಿ, ಆದ್ದರಿಂದ ಇದನ್ನು ಬಿಡಿಸಿ ಹೇಳಬೇಕು. ಸೊಂಟಮಟ್ಟದ ನೀರು ಬಂದಾಗ, ಅಲೆ ಒಡೆಯದ ಜಾಗದಲ್ಲಿ ಇಬ್ಬರೂ ಎದುರುಬದುರಾಗಿ ನಿಲ್ಲಿ. ನೆರವಾಗುವವರ ಮುಖ ಸಮುದ್ರದ ಕಡೆಗಿರಲಿ. ಫಿನ್ ಹಾಕುವವರು ಎಡಗೈಯನ್ನು ಜೊತೆಗಾರನ ಭುಜದ ಮೇಲಿಟ್ಟು, ಬಲಗಾಲನ್ನು ಎತ್ತಿ ಎಡ ಮಂಡಿಯ ಮೇಲೆ ಅಡ್ಡ ಇಟ್ಟುಕೊಳ್ಳಬೇಕು. ಆ ಭಂಗಿಯಲ್ಲಿ ಪಾದ ಕಣ್ಣಿಗೆ ಕಾಣುತ್ತದೆ, ಬಾಗಬೇಕಾಗಿಲ್ಲ. ಬಲಗೈಯಿಂದ ಫಿನ್ ತೊಡಿಸಿ ಹಿಮ್ಮಡಿಯ ಪಟ್ಟಿ ಎಳೆದರೆ ಒಂದು ಮುಗಿಯಿತು. ಕೈ ಬದಲಿಸಿ ಇನ್ನೊಂದು ಕಾಲು. ಈ ಹೊತ್ತಿನಲ್ಲಿ ನೆರವಾಗುವವರು ಜೊತೆಗಾರನ ಜಾಕೆಟ್ಟಿನ ಭುಜಪಟ್ಟಿಯನ್ನು ಹಿಡಿದಿರಬೇಕೇ ಹೊರತು ಅವರ ಫಿನ್ ಪಟ್ಟಿ ಎಳೆಯಲು ಬಾಗಬಾರದು. ನೆರವಾಗುವ ಉತ್ಸಾಹದಲ್ಲಿ ಎಲ್ಲರೂ ಮಾಡುವ ತಪ್ಪು ಅದೇ. ಕೆಲಸ ನಿಧಾನವಾದರೂ ಅವರೇ ಮಾಡಿಕೊಳ್ಳಲಿ. ನೀವು ಕಂಬ ಮತ್ತು ಕಾವಲು, ಅಷ್ಟೇ. ಎರಡೂ ಫಿನ್ ಹಾಕಿದವರು ಜಾಗ ಬದಲಿಸಿ ಸಮುದ್ರಕ್ಕೆ ಮುಖ ಮಾಡಿ ನಿಂತ ಮೇಲೆ ಇನ್ನೊಬ್ಬರ ಸರದಿ.

ನಿಲ್ಲಲು ಆಗದಷ್ಟು ಕಲ್ಲು ಹೊರಳುತ್ತಿದ್ದರೆ ಬೇರೆ ದಾರಿಯಿದೆ. ಜಾಕೆಟ್ಟಿಗೆ ಗಾಳಿ ತುಂಬಿ ಬೆನ್ನ ಮೇಲೆ ತೇಲಿ. ಜೊತೆಗಾರ ನಿಮ್ಮ ಸಿಲಿಂಡರಿನ ಕತ್ತನ್ನು ಹಿಡಿದು ದಡದ ಕಡೆ ಕೊಚ್ಚಿಹೋಗದಂತೆ ತಡೆದಿರುವಾಗ ನೀವು ಮಂಡಿ ಮಡಚಿ ಫಿನ್ ಹಾಕಿಕೊಳ್ಳಿ. ಆಮೇಲೆ ನೀವು ಫಿನ್ ಬಡಿಯುತ್ತಾ ಸ್ಥಳದಲ್ಲೇ ಉಳಿದು ಅವರನ್ನು ಹಿಡಿದುಕೊಳ್ಳಿ. ನನಗೆ ಈ ಕ್ರಮವೇ ಹೆಚ್ಚು ಇಷ್ಟ.

ಮರಳುದಡವೂ ಒಡೆಯುವ ಅಲೆಯೂ

ಮರಳು ಮೆತ್ತಗಿರುವುದರಿಂದ ಸುಲಭವೆಂಬ ಭಾವನೆ ಸಹಜ, ಆದರೆ ಅದು ದಡದ ಇಳಿಜಾರನ್ನು ಅವಲಂಬಿಸಿದೆ. ಹೊನ್ನಾವರದಿಂದ ಗೋಕರ್ಣದವರೆಗೆ ನಾವು ಕಾಣುವ ಅಗಲವಾದ, ಚಪ್ಪಟೆ ಮರಳಿನ ಮೇಲೆ ಅಲೆ ದೂರದಲ್ಲೇ ಒಡೆದು, ಬಲ ಕಳೆದುಕೊಂಡು ಬರುತ್ತದೆ. ಕಡಿದಾದ ದಡದಲ್ಲಿ ಹಾಗಲ್ಲ. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಬಳಿಯ ಮೊನಾಸ್ಟರಿ ಬೀಚ್ ಇದಕ್ಕೆ ಕುಖ್ಯಾತ. ಅಲ್ಲಿ ಸಮುದ್ರತಳದ ಆಳವಾದ ಕಣಿವೆ ದಡದ ಹತ್ತಿರದವರೆಗೂ ಬಂದಿರುವುದರಿಂದ ಅಲೆ ತನ್ನ ಪೂರ್ಣ ಬಲದೊಡನೆ ದಡದಂಚಿನಲ್ಲೇ ಮಗುಚುತ್ತದೆ. ದಪ್ಪ ಹರಳಿನ ಮರಳು ಕಾಲಡಿಯಲ್ಲಿ ಕುಸಿಯುತ್ತದೆ. ಅನೇಕ ಡೈವರ್‌ಗಳು ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ.

ಇಂಥ ದಡದಲ್ಲಿ ಫಿನ್‌ಗಳನ್ನು ನೀರಿನಿಂದ ಹೊರಗೆ, ಅಲೆ ತಲುಪದ ಜಾಗದಲ್ಲೇ ಹಾಕಿಕೊಳ್ಳಬೇಕು. ಅಲೆ ಒಡೆಯುವ ಪಟ್ಟಿಯಲ್ಲಿ ನಿಂತು ಒಂಟಿ ಕಾಲಿನ ಸರ್ಕಸ್ ಮಾಡುವುದಕ್ಕೆ ಸಮಯವೇ ಇರುವುದಿಲ್ಲ. ಫಿನ್ ಹಾಕಿದವರು ಹಿಮ್ಮುಖವಾಗಿ ಅಥವಾ ಪಕ್ಕಕ್ಕೆ ಕಾಲೆಳೆಯುತ್ತಾ ಸಾಗಬೇಕು. ನೇರ ನಡೆದರೆ ಫಿನ್ನಿನ ತುದಿ ಮರಳಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಹಿಮ್ಮುಖ ನಡೆದರೂ ಕತ್ತು ತಿರುಗಿಸಿ ಅಲೆ ನೋಡುತ್ತಲೇ ಇರಬೇಕು. ಇಲ್ಲಿ ಕೈ ಹಿಡಿಯುವ ನಿಯಮವೂ ತಿರುವುಮುರುವಾಗುತ್ತದೆ: ಬಲವಾದ ಅಲೆಯಲ್ಲಿ ಕೈ ಹಿಡಿದವರು ಇಬ್ಬರೂ ಬೀಳುತ್ತಾರೆ, ಆದ್ದರಿಂದ ಎರಡು ಮೂರು ಮೀಟರ್ ಅಂತರ ಬಿಟ್ಟು ಪಕ್ಕಪಕ್ಕದಲ್ಲಿ ಸಾಗಿ. ದೊಡ್ಡ ಸಾಲಿನ ಕೊನೆಯ ಅಲೆ ಒಡೆದ ತಕ್ಷಣ ಹೊರಡಬೇಕು, ತೊಡೆಮಟ್ಟದ ನೀರು ಬಂದೊಡನೆ ಮುಂದಕ್ಕೆ ಮಲಗಿ ಫಿನ್ ಬಡಿಯಬೇಕು, ಒಡೆಯುವ ಪಟ್ಟಿಯನ್ನು ಪೂರ್ತಿ ದಾಟುವವರೆಗೆ ನಿಲ್ಲಬಾರದು. ಈ ಪಟ್ಟಿಯಲ್ಲಿ ಜಾಕೆಟ್ ತುಂಬ ಗಾಳಿಯಿದ್ದರೆ ಅಲೆ ನಿಮ್ಮನ್ನು ಚೆಂಡಿನಂತೆ ದಡಕ್ಕೆ ಎಸೆಯುತ್ತದೆ. ಗಾಳಿ ಕಡಿಮೆಯಿದ್ದರೆ ಅಲೆಯ ಕೆಳಗೆ ನುಸುಳಬಹುದು. ದಾಟಿದ ಮೇಲೆ ಗಾಳಿ ತುಂಬಿಕೊಂಡು, ಜೊತೆಗಾರ ಎಲ್ಲಿದ್ದಾನೆಂದು ನೋಡಿ, 'ಸರಿ' ಸನ್ನೆ ಪಡೆದುಕೊಳ್ಳಿ.

ತೇಲುಬುರುಡೆಯನ್ನೋ ಬಾವುಟದ ತೇಲನ್ನೋ ಎಳೆದುಕೊಂಡು ಹೋಗುವವರು ಒಂದು ಮಾತು ನೆನಪಿಡಬೇಕು: ಆ ವಸ್ತು ಯಾವಾಗಲೂ ನಿಮಗಿಂತ ದಡದ ಕಡೆಗಿರಬೇಕು. ಇಳಿಯುವಾಗ ಹಿಂದೆ, ಹತ್ತುವಾಗ ಮುಂದೆ. ಅದು ಸಮುದ್ರದ ಕಡೆಗಿದ್ದರೆ ಅಲೆ ಅದನ್ನು ತಂದು ನಿಮ್ಮ ತಲೆಗೇ ಬಡಿಯುತ್ತದೆ.

ದಹಬ್‌ನಂಥ ಹವಳದ ದಡಗಳದು ಬೇರೆಯೇ ಲೆಕ್ಕ. ಅಲ್ಲಿ ಹವಳದ ಹಾಸಿನ ನಡುವೆ ಮರಳಿನ ಓಣಿಗಳಿರುತ್ತವೆ. ಎಲ್ಲರೂ ಬಳಸುವ ಓಣಿಯಲ್ಲೇ ಹೋಗಿ, ಅಡ್ಡದಾರಿ ಹುಡುಕಬೇಡಿ. ಹವಳದ ಮೇಲೆ ಕಾಲಿಟ್ಟರೆ ಅದೂ ಮುರಿಯುತ್ತದೆ, ಕಾಲೂ ಕೊಯ್ಯುತ್ತದೆ. ಮುಳ್ಳುಚೆಂಡಿನಂಥ ಸಮುದ್ರಜೀವಿಗಳು, ಕಲ್ಲಿನಂತೆಯೇ ಕಾಣುವ ವಿಷಮೀನುಗಳು ಅಲ್ಲಿರುವುದರಿಂದ ಜಾರಿದಾಗಲೂ ಬರಿಗೈಯನ್ನು ತಳಕ್ಕೆ ಊರಬಾರದು. ಊರಿಕೊಳ್ಳಲು ಜೊತೆಗಾರನ ಭುಜವಿದೆ.

ಹತ್ತುವ ಕ್ರಮ

ಹತ್ತುವಿಕೆ ಶುರುವಾಗುವುದು ನೀರೊಳಗೆ. ದಡದ ಕಡೆ ತಿರುಗುವ ಒತ್ತಡವನ್ನು ಮೊದಲೇ ನಿಗದಿಪಡಿಸಿ, ಅಲೆಯ ಪಟ್ಟಿಗೆ ಬರುವಾಗ ಇಬ್ಬರಲ್ಲೂ ಕನಿಷ್ಠ 50 ಬಾರ್ ಇರುವಂತೆ ನೋಡಿಕೊಳ್ಳಿ. ಅಲೆ ದೊಡ್ಡದಿರುವ ದಿನ ನಾನು 70 ಬಾರ್ ಇಟ್ಟುಕೊಳ್ಳುತ್ತೇನೆ. ಡೈವ್ ಮುಗಿಯುವಷ್ಟರಲ್ಲಿ ಸಿಲಿಂಡರಿನ ಗಾಳಿ ಖರ್ಚಾಗಿ ನೀವು ಸುಮಾರು ಎರಡು ಕಿಲೋ ಹಗುರಾಗಿರುತ್ತೀರಿ ಎಂಬುದೂ ನೆನಪಿರಲಿ. ಇಳಿಯುವಾಗ ಅಲುಗಾಡಿಸದ ಅಲೆಯೇ ಈಗ ನಿಮ್ಮನ್ನು ತೂಗಾಡಿಸಬಹುದು.

ಅಲೆ ಒಡೆಯುವ ಜಾಗದಿಂದ ಸಾಕಷ್ಟು ಹೊರಗೆ ಮೇಲೆ ಬನ್ನಿ, ಜಾಕೆಟ್ಟಿಗೆ ಗಾಳಿ ತುಂಬಿ, ಅಲ್ಲೇ ನಿಲ್ಲಿ. ಇದು ಹತ್ತುವಿಕೆಯ ಅತಿ ಮುಖ್ಯ ನಿಲ್ದಾಣ. ಗುರುತಿಟ್ಟ ಮರ ಮತ್ತು ಚಾವಣಿ ಒಂದೇ ಗೆರೆಯಲ್ಲಿವೆಯೇ ನೋಡಿ. ಬೆಳಿಗ್ಗೆ ಎಣಿಸಿದ ಅಲೆಗಳ ಲೆಕ್ಕ ಈಗಲೂ ಹಾಗೆಯೇ ಇದೆಯೇ ನೋಡಿ. ಗೇಜಿನ ಅಂಕಿಯನ್ನು ಪರಸ್ಪರ ತೋರಿಸಿಕೊಳ್ಳಿ. ಒಬ್ಬರಿಗೆ ಏದುಸಿರಿದ್ದರೆ ಅದು ಇಳಿಯುವವರೆಗೆ ಇಬ್ಬರೂ ತೇಲುತ್ತಿರಿ. ಮೊದಲ ಜಾಗ ಕೆಟ್ಟಿದ್ದರೆ ಎರಡನೆಯ ಜಾಗಕ್ಕೆ ಈಜುವ ನಿರ್ಧಾರವನ್ನು ಇಲ್ಲಿಯೇ ತೆಗೆದುಕೊಳ್ಳಬೇಕು. ಪಟ್ಟಿಯೊಳಗೆ ಹೋದ ಮೇಲೆ ನಿರ್ಧಾರಗಳು ನಿಮ್ಮವಾಗಿರುವುದಿಲ್ಲ. ದಡದ ಕಡೆ ಈಜುತ್ತಿದ್ದರೂ ದೂರ ಕಡಿಮೆಯಾಗದಿದ್ದರೆ ಸೆಳವಿನಲ್ಲಿದ್ದೀರಿ. ಅದರೊಡನೆ ಸೆಣಸದೆ, ಇಬ್ಬರೂ ದಡಕ್ಕೆ ಸಮಾನಾಂತರವಾಗಿ ಒಂದೇ ದಿಕ್ಕಿಗೆ ಈಜಿ ಅದರಿಂದ ಹೊರಬನ್ನಿ, ಆಮೇಲೆ ದಡಕ್ಕೆ ತಿರುಗಿ.

ಬಿಡುವು ಬಂದೊಡನೆ, ಕೊನೆಯ ದೊಡ್ಡ ಅಲೆಯ ಬೆನ್ನ ಹಿಂದೆಯೇ ಈಜಿಕೊಂಡು ಬನ್ನಿ. ಎರಡು ಮೂರು ಬಾರಿ ಫಿನ್ ಬಡಿದ ಮೇಲೊಮ್ಮೆ ಹಿಂದೆ ನೋಡುವುದು ಅಭ್ಯಾಸವಾಗಬೇಕು. ಜೋಡಿಯಲ್ಲಿ ಈ ಕೆಲಸ ಹಂಚಿಕೊಳ್ಳಬಹುದು: ಒಬ್ಬರು ಮುಂದಿನ ಕಲ್ಲನ್ನು, ಇನ್ನೊಬ್ಬರು ಹಿಂದಿನ ಅಲೆಯನ್ನು ನೋಡಲಿ. ನಿಲ್ಲುವ ಆತುರ ಬೇಡ. ಸೊಂಟಮಟ್ಟದ ನೀರಿನಲ್ಲಿ ಕಾಲೂರಿ ಎದ್ದವರೇ ಹೆಚ್ಚಾಗಿ ಬೀಳುವುದು, ಏಕೆಂದರೆ ಎದ್ದ ಕ್ಷಣದಲ್ಲಿ ಅಷ್ಟು ಹೊತ್ತು ನೀರು ಹೊತ್ತಿದ್ದ ಭಾರವೆಲ್ಲ ದಣಿದ ಕಾಲಿಗೆ ಬರುತ್ತದೆ. ಕೈ ತಳಕ್ಕೆ ತಾಕುವವರೆಗೂ ಈಜುತ್ತಲೇ ಬನ್ನಿ.

ಕಲ್ಲುದಡದಲ್ಲಿ ಅಲೆ ಒಡೆಯದ ಜಾಗದಲ್ಲಿ, ಇಳಿಯುವಾಗಿನ ಅದೇ ಭುಜದಾಸರೆಯಲ್ಲಿ ಒಬ್ಬರ ನಂತರ ಒಬ್ಬರು ಫಿನ್ ಬಿಚ್ಚಿ, ಮುಂಗೈಗೆ ಹಾಕಿಕೊಂಡು, ಅದೇ ಕೈ ಒತ್ತುವ ಕ್ರಮದಲ್ಲಿ ಹತ್ತಿ. ಕ್ಯಾಮೆರಾ ಇದ್ದರೆ ಹತ್ತುವವರು ಅದನ್ನು ಜೊತೆಗಾರನಿಗೆ ಕೊಡಬೇಕೆಂದು ಹಲವರು ಹೇಳುತ್ತಾರೆ. ಕಾವಲು ನಿಂತವರ ಕೈ ತುಂಬಿಸುವುದು ನನಗೆ ಒಪ್ಪಿಗೆಯಿಲ್ಲ. ಕ್ಯಾಮೆರಾವನ್ನು ಮೈಗೇ ಸಿಕ್ಕಿಸಿಕೊಳ್ಳಿ, ಅಥವಾ ದಡದಲ್ಲಿರುವ ಮೂರನೆಯವರು ಬಂದು ತೆಗೆದುಕೊಳ್ಳಲಿ. ಕಡಿದಾದ ಮರಳುದಡದಲ್ಲಿ ಮಾತ್ರ ಫಿನ್ ಬಿಚ್ಚಲು ನಿಲ್ಲಬೇಡಿ. ಕೈಕಾಲೂರಿ ಅಂಬೆಗಾಲಿಡುತ್ತಾ ಹತ್ತಿ. ಹಿಂದಿನಿಂದ ಅಲೆ ಬಂದಾಗ ತಲೆ ತಗ್ಗಿಸಿ ಬೆರಳುಗಳನ್ನು ಮರಳಿಗೆ ಹೂತು, ನೀರು ಮರಳಿದ ಮೇಲೆ ಮುಂದೆ ಸಾಗಿ. ಒಣ ಮರಳು ಸಿಗುವವರೆಗೂ ರೆಗ್ಯುಲೇಟರ್ ಬಾಯಲ್ಲಿ, ಮಾಸ್ಕ್ ಮುಖದಲ್ಲಿ ಇರಬೇಕು. ನೋಡುವವರು ನಕ್ಕರೆ ನಗಲಿ.

ಜೊತೆಗಾರ ಬಿದ್ದಾಗ

ತೋಳು ಹಿಡಿದು ಎಳೆಯಬೇಡಿ. ಭುಜ ತಪ್ಪಬಹುದು, ನೀವೂ ಬೀಳುತ್ತೀರಿ. ಸಿಲಿಂಡರಿನ ಕತ್ತನ್ನೋ ಜಾಕೆಟ್ಟಿನ ಹಿಂಭಾಗದ ಹಿಡಿಕೆಯನ್ನೋ ಹಿಡಿಯಿರಿ, ಬಿದ್ದವರ ದಡದ ಕಡೆಗೆ ಎಂದೂ ನಿಲ್ಲದೆ ಪಕ್ಕದಲ್ಲಿ ನಿಲ್ಲಿ. ಮೊದಲ ಕೆಲಸ ಎತ್ತುವುದಲ್ಲ, ರೆಗ್ಯುಲೇಟರ್ ಬಾಯಲ್ಲಿದೆಯೇ ಎಂದು ನೋಡುವುದು. ಎರಡನೆಯದು, ಮುಂದಿನ ಅಲೆ ಬರುವ ಹೊತ್ತಿಗೆ ಅವರನ್ನು ಸ್ಥಳದಲ್ಲೇ ಒತ್ತಿ ಹಿಡಿದುಕೊಳ್ಳುವುದು. ಬಿದ್ದವರು ಎದ್ದು ನಿಲ್ಲಲು ಒದ್ದಾಡಬಾರದು. ಇಳಿಯುವಾಗ ಬಿದ್ದಿದ್ದರೆ, ಫಿನ್ ಹಾಕಿದ್ದರೆ ಹಾಗೆಯೇ ಆಳದ ಕಡೆ ಈಜಿ ಹೋಗುವುದು, ಹತ್ತುವಾಗ ಬಿದ್ದಿದ್ದರೆ ಅಂಬೆಗಾಲಿಟ್ಟು ಮೇಲೆ ಬರುವುದು ಸುಲಭ. ಅಲೆ ಮತ್ತೆ ಮತ್ತೆ ಹೊಡೆಯುತ್ತಿದ್ದು ಬಿದ್ದವರು ಸೋತಿದ್ದರೆ ತೂಕದ ಬೆಲ್ಟನ್ನು ಬಿಚ್ಚಿ ಎಸೆಯಲು ಹಿಂಜರಿಯಬೇಡಿ. ದಡದ ಮೇಲೆ ಕೈಯಿಂದ ಮುಟ್ಟಿ ತಿಳಿದುಕೊಂಡ ಹಿಡಿಕೆ ಅದಕ್ಕಾಗಿಯೇ. ಭಾರತದ ಕರಾವಳಿಯಲ್ಲಿದ್ದರೆ ಕರಾವಳಿ ಕಾವಲು ಪಡೆಯ 1554, ತುರ್ತು ಸೇವೆಯ 112 ಸಂಖ್ಯೆಗಳು ದಡದಲ್ಲಿ ಕುಳಿತವರ ಫೋನಿನಲ್ಲಿರಲಿ. ಬೇರೆ ದೇಶದಲ್ಲಿದ್ದರೆ ಅಲ್ಲಿನ ಸಂಖ್ಯೆಯನ್ನು, ಹತ್ತಿರದ ಆಮ್ಲಜನಕದ ಕಿಟ್ ಎಲ್ಲಿದೆಯೆಂಬುದನ್ನು ಇಳಿಯುವ ಮೊದಲೇ ಡೈವ್ ಕೇಂದ್ರದಲ್ಲಿ ಕೇಳಿಟ್ಟುಕೊಳ್ಳಿ.

ದಡ ಸೇರಿದ ಮೇಲೆ

ಅಲೆ ತಲುಪುವ ಕೊನೆಯ ಒದ್ದೆ ಗೆರೆಯನ್ನು ದಾಟುವವರೆಗೂ ಜೋಡಿ ಬೇರೆಯಾಗಬಾರದು. ಮೊದಲು ಹತ್ತಿದವರು ಬೆನ್ನು ತಿರುಗಿಸಿ ನೀರಿನ ಬಾಟಲಿಯ ಕಡೆ ನಡೆಯುವುದನ್ನು ಬಹಳ ಸಲ ನೋಡಿದ್ದೇನೆ. ಅಷ್ಟರಲ್ಲಿ ಎರಡನೆಯವರು ಮೊಣಕಾಲುದ್ದದ ನೀರಿನಲ್ಲಿ ಒಂಟಿಯಾಗಿ ಫಿನ್ ಬಿಚ್ಚುತ್ತಿರುತ್ತಾರೆ.

ಡೈವ್ ಮುಗಿದೊಡನೆ ಭಾರ ಎತ್ತುವುದು ಒಳ್ಳೆಯದಲ್ಲ. ರಕ್ತದಲ್ಲಿ ಕರಗಿರುವ ನೈಟ್ರೋಜನ್ ನಿಧಾನವಾಗಿ ಹೊರಹೋಗುತ್ತಿರುವ ಆ ಹೊತ್ತಿನಲ್ಲಿ ಹೆಚ್ಚಿನ ಶ್ರಮವು ಡಿಕಂಪ್ರೆಶನ್ ಕಾಯಿಲೆಯ, ಅಂದರೆ ಆ ನೈಟ್ರೋಜನ್ ಮೈಯೊಳಗೆ ಗುಳ್ಳೆಗಟ್ಟುವುದರಿಂದ ಬರುವ ಕಾಯಿಲೆಯ ಅಪಾಯವನ್ನು ಹೆಚ್ಚಿಸಬಲ್ಲದು. ಕಟ್ಟೆ ಸಿಕ್ಕೊಡನೆ ಕುಳಿತು, ಜೊತೆಗಾರ ಸಿಲಿಂಡರ್ ಹಿಡಿದಿರುವಾಗ ಪಟ್ಟಿ ಬಿಚ್ಚಿ ಜಾರಿಸಿ. ತುಲಾಂಬೆನ್‌ನಲ್ಲಿ ಹೊರುವ ಹೆಂಗಸರು ಬಂದು ಕೇಳಿದರೆ ಬೇಡವೆನ್ನುವ ಹಮ್ಮು ಬೇಡ. ಅದು ಅವರ ದುಡಿಮೆ, ನಿಮ್ಮ ಬೆನ್ನಿಗೂ ಒಳ್ಳೆಯದು.

ನೀರು ಕುಡಿದು, ಏದುಸಿರು ನಿಂತ ಮೇಲೆ ಲಾಗ್ ಪುಸ್ತಕ ತೆಗೆಯಿರಿ. ಕಂಡ ಮೀನುಗಳ ಪಟ್ಟಿಯ ಜೊತೆಗೆ ಇವನ್ನೂ ಬರೆಯಿರಿ: ಎಷ್ಟು ಗಂಟೆಗೆ ಇಳಿದದ್ದು, ಆಗ ಉಬ್ಬರವೋ ಇಳಿತವೋ, ದೊಡ್ಡ ಅಲೆಗಳ ನಡುವಿನ ಬಿಡುವು ಎಷ್ಟು ನಿಮಿಷ, ಮರ ಮತ್ತು ಚಾವಣಿಯ ಗೆರೆ, ಯಾರು ಎಲ್ಲಿ ಜಾರಿದರು. ನನ್ನ ಪುಸ್ತಕದಲ್ಲಿ ತುಲಾಂಬೆನ್‌ನ ಪುಟದ ಮೂಲೆಯಲ್ಲಿ ಆ ಕಳೆದುಹೋದ ಫಿನ್ನಿನ ಬಣ್ಣವೂ ಇದೆ: ಹಳದಿ.